ಒಂದು ಪಾಯಿಂಟ್ ಸೊನ್ನೆ ಆರು

ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಪಾಯಿಂಟಕ್ಕ. ಯಾರಾದರೂ ಬಂದು "ಅಕ್ಕ, ಈ ಪೇಷೆಂಟಿಗೆ ಪೊಟ್ಯಾಸಿಯಂ ನಾಲ್ಕು ಬಂದಿದೆ" ಅಂದರೆ ತಲೆ ಕೂಡ ಎತ್ತದೆ "ಪಾಯಿಂಟ್ ಆದ್ಮೇಲೆ ಎಷ್ಟು?" ಎಂದು ಕೇಳುವುದು ಅವಳ ಅಭ್ಯಾಸ. ಈ ಅಭ್ಯಾಸ ಲ್ಯಾಬಿನಲ್ಲಿ ಹುಟ್ಟಿದ್ದಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗನ ಎತ್ತರ ಐದಡಿ ಏಳಿಂಚು ಎಂದು ಹೇಳಿದಾಗ "ಏಳೂ ತುಂಬಿದೆಯಾ?" ಎಂದು ಕೇಳಿ ಹಿರಿಯರನ್ನೆಲ್ಲ ಪೇಚಿಗೆ ಸಿಕ್ಕಿಸಿದ್ದಳಂತೆ. ಆರೂ ಮುಕ್ಕಾಲು ಎಂದು ಮದುವೆಯಾದ ವಾರದೊಳಗೆ ಟೇಪು ಹಿಡಿದು ಕಂಡುಕೊಂಡಳು. ಗಂಡ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ತೂಗುವ ಕೆಲಸದವನಾದ್ದರಿಂದ ಇದನ್ನು ತಪ್ಪು ತಿಳಿಯಲಿಲ್ಲ.

ಲ್ಯಾಬು ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಅರ್ಧದವರೆಗೆ ಹೊಸ ಚರ್ಮದ ವಾಸನೆ, ಅಲ್ಲಿಂದ ಮೇಲೆ ಸ್ಪಿರಿಟ್ಟಿನ ವಾಸನೆ. ಮೂರು ಕೋಣೆ. ಮೊದಲನೆಯದರಲ್ಲಿ ರಕ್ತ ತೆಗೆಯುವ ಕುರ್ಚಿ. ಅದರ ಕೈಯ ಮೇಲಿನ ರೆಕ್ಸಿನ್ ಸಾವಿರಾರು ಮೊಣಕೈ ಊರಿ ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡಿತ್ತು. ಎರಡನೆಯದರಲ್ಲಿ ಮಷೀನು, ಅದರ ಪಕ್ಕ ಡಿಸ್ಟಿಲ್ಡ್ ವಾಟರಿನ ಡ್ರಮ್ಮು, "ಇದರಲ್ಲಿ ಊಟದ ಡಬ್ಬಿ ಇಡಬಾರದು" ಎಂಬ ಚೀಟಿ ಅಂಟಿಸಿದ ಫ್ರಿಜ್ಜು. ಮೂರನೆಯದು ಲ್ಯಾಬಿನ ಯಜಮಾನರಾದ ದೊಡ್ಡ ಡಾಕ್ಟರ ಕೋಣೆ. ಅಲ್ಲಿ ಮೈಕ್ರೋಸ್ಕೋಪಿನ ಹಿಂದಿನ ಗೋಡೆಯ ಮೇಲೆ ಗಾಜಿನ ಚೌಕಟ್ಟು ಹಾಕಿಸಿದ ಹತ್ತು ಸರ್ಟಿಫಿಕೇಟುಗಳು ಸಾಲಾಗಿ ನೇತಾಡುತ್ತಿದ್ದವು. ಹತ್ತೂ 'ಅತ್ಯುತ್ತಮ ನಿಖರತೆ'ಗೆ ಬಂದವು.

ಈ ಸರ್ಟಿಫಿಕೇಟುಗಳ ಕಥೆ ಹೇಳದೆ ಪಾಯಿಂಟಕ್ಕನ ಕಥೆ ಹೇಳಲಾಗುವುದಿಲ್ಲ.

ಲ್ಯಾಬುಗಳಿಗೂ ಪರೀಕ್ಷೆಗಳುಂಟು. ಪ್ರತಿ ತಿಂಗಳು ಒಂದು ಸಂಸ್ಥೆಯಿಂದ ಪುಟ್ಟ ಡಬ್ಬಿ ಬರುತ್ತದೆ. ಅದರೊಳಗೆ ಬೆರಳುದ್ದದ ಸೀಸೆ, ಸೀಸೆಯ ತಳದಲ್ಲಿ ತೆಳು ಹಳದಿ ಪುಡಿ. ಅದು ರಕ್ತದ ಸೀರಂ ಅನ್ನು ಒಣಗಿಸಿ ಮಾಡಿದ್ದು. ಅದಕ್ಕೆ ಅಳೆದು ಐದು ಎಂಎಲ್ ನೀರು ಹಾಕಿ, ಅಲ್ಲಾಡಿಸದೆ ಅರ್ಧ ಗಂಟೆ ಬಿಟ್ಟು, ಪೇಷೆಂಟಿನ ರಕ್ತದಂತೆಯೇ ಮಷೀನಿಗೆ ಕೊಟ್ಟು, ಬಂದ ಅಂಕಿಯನ್ನು ಸಂಸ್ಥೆಗೆ ಬರೆದು ಕಳಿಸಬೇಕು. ಇದೇ ಸೀಸೆ ನೂರಾರು ಲ್ಯಾಬುಗಳಿಗೆ ಹೋಗಿರುತ್ತದೆ. ಲ್ಯಾಬುಗಳನ್ನು ಗುಂಪು ಮಾಡಿ, ಆಯಾ ಗುಂಪಿನ ಅಂಕಿ ಕೂಡಿಸಿ, ಸರಾಸರಿ ತೆಗೆದು, ಅದಕ್ಕೆ ಹತ್ತಿರವಿದ್ದವರಿಗೆ ಹಸಿರು, ಸ್ವಲ್ಪ ಆಚೀಚೆಯವರಿಗೆ ಹಳದಿ, ದೂರವಿದ್ದವರಿಗೆ ಕೆಂಪು ಬಣ್ಣ ಹಚ್ಚಿ ವರದಿ ಕಳಿಸುತ್ತಾರೆ. ವರ್ಷಪೂರ್ತಿ ಹಸಿರು ಬಂದರೆ ಸರ್ಟಿಫಿಕೇಟು.

ಹನ್ನೊಂದು ವರ್ಷದ ಹಿಂದೆ ಹಳೆಯ ಮಷೀನು ಕೈಕೊಟ್ಟು ಹೊಸದು ಬಂತು. ಬಂದ ಮೇಲಿನ ಮೂರು ತಿಂಗಳೂ ಉಳಿದೆಲ್ಲ ಹಸಿರು, ಗ್ಲೂಕೋಸ್ ಮಾತ್ರ ಕೆಂಪು. ಮೂರನೆಯ ವರದಿ ಕೈಯಲ್ಲಿ ಹಿಡಿದು ದೊಡ್ಡ ಡಾಕ್ಟರು ಮಷೀನು ಕೋಣೆಗೆ ಬಂದರು.

"ಎಷ್ಟು ಕಡಿಮೆ ಬರ್ತಿದೆ?"

"ಆರು ಪರ್ಸೆಂಟ್ ಸರ್. ಮೂರು ಸಲವೂ ಆರೇ."

"ಹಾಗಾದ್ರೆ ಆರು ಪರ್ಸೆಂಟ್ ಸೇರಿಸು."

"ಯಾಕೆ ಕಡಿಮೆ ಬರ್ತಿದೆ ಅಂತ ನೋಡೋದು ಬೇಡ್ವಾ ಸರ್?"

"ನೋಡೋಣ. ಮೊದಲು ಸರಿ ಮಾಡು, ಆಮೇಲೆ ನಿಧಾನವಾಗಿ ನೋಡೋಣ."

ಮಷೀನಿನೊಳಗೆ ಒಂದು ಪುಟವಿರುತ್ತದೆ. ಅದರಲ್ಲಿ ಪ್ರತಿ ಪರೀಕ್ಷೆಯ ಮುಂದೆ ಒಂದು ಅಂಕಿ, ಅದಕ್ಕೆ ಫ್ಯಾಕ್ಟರ್ ಎನ್ನುತ್ತಾರೆ. ಮಷೀನು ಅಳೆದದ್ದನ್ನು ಆ ಅಂಕಿಯಿಂದ ಗುಣಿಸಿ ರಿಪೋರ್ಟಿಗೆ ಹಾಕುತ್ತದೆ. ಎಲ್ಲದರ ಮುಂದೆ ಒಂದು ಎಂದಿದ್ದರೆ ಅಳೆದದ್ದು ಅಳೆದ ಹಾಗೇ ಹೊರಗೆ ಬರುತ್ತದೆ. ಪಾಯಿಂಟಕ್ಕ ಗ್ಲೂಕೋಸಿನ ಮುಂದಿನ ಒಂದನ್ನು ಅಳಿಸಿ 1.06 ಎಂದು ಒತ್ತಿದಳು. ದಿನಾ ಬೆಳಿಗ್ಗೆ ಮಷೀನು ಸರಿಯಿದೆಯೇ ಎಂದು ನೋಡಲು ಹಾಕುವ ಕಂಟ್ರೋಲ್ ಸೀಸೆಯ ಅಂಕಿಯೂ ಅದರೊಂದಿಗೆ ಮೇಲೇರಿತು. ಅದಕ್ಕೆಂದು ಬರೆದಿಟ್ಟಿದ್ದ ಮಿತಿಯನ್ನೂ ಅಷ್ಟೇ ಮೇಲೇರಿಸಿದರು. ಮುಂದಿನ ತಿಂಗಳು ಗ್ಲೂಕೋಸ್ ಹಸಿರು. ಅದರ ಮುಂದಿನ ತಿಂಗಳೂ ಹಸಿರು. ನಿಧಾನವಾಗಿ ನೋಡೋಣ ಎಂದಿದ್ದನ್ನು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಮಾರನೆಯ ವರ್ಷ ಮೊದಲ ಚೌಕಟ್ಟು ಗೋಡೆಗೆ ಬಂತು. ಮೊಳೆ ಹೊಡೆದದ್ದೂ ಪಾಯಿಂಟಕ್ಕನೇ.

ಫ್ಯಾಕ್ಟರ್ ಹಾಕಿದ ವರ್ಷವೇ ಅವಳ ಅತ್ತೆಗೆ ಸಕ್ಕರೆ ಕಾಯಿಲೆ ಬಂತು.

ಅತ್ತೆಗೆ ಆಗ ಅರವತ್ತೇಳು. ಕಾಲು ಜೋಮು ಹಿಡಿಯುತ್ತದೆ ಎಂದರು. ಸೊಸೆ ತನ್ನ ಕೈಯಾರೆ ರಕ್ತ ತೆಗೆದು, ತಾನೇ ಮಷೀನಿಗೆ ಹಾಕಿದಳು. ಖಾಲಿ ಹೊಟ್ಟೆಯಲ್ಲಿ ನೂರ ಇಪ್ಪತ್ತಾರು ಮುಟ್ಟಿದರೆ ಕಾಯಿಲೆ ಎಂದು ಲೆಕ್ಕ. ಅತ್ತೆಯದು ನೂರ ಇಪ್ಪತ್ತೊಂಬತ್ತು. ವಾರ ಬಿಟ್ಟು ಮತ್ತೆ ನೋಡಿದರೆ ನೂರ ಇಪ್ಪತ್ತೆಂಟು. ಬೀದಿಯ ತುದಿಯಲ್ಲಿ ಕ್ಲಿನಿಕ್ ಇಟ್ಟಿದ್ದ, ಎಲ್ಲರೂ ಮೂಲೆ ಡಾಕ್ಟ್ರು ಎನ್ನುತ್ತಿದ್ದ ವೈದ್ಯರು ರಿಪೋರ್ಟು ನೋಡಿ, "ಈಗಷ್ಟೇ ಶುರು. ಮಾತ್ರೆ ಬೇಡ. ಬಾಯಿ ಕಟ್ಟಿ, ದಿನಾ ನಡೀರಿ" ಎಂದರು.

ಅತ್ತೆ ಬಾಯಿ ಕಟ್ಟಿದರು. ಜೊತೆಗೆ ಮನೆಯವರೆಲ್ಲರ ಬಾಯಿಯನ್ನೂ ಕಟ್ಟಿಸಿದರು. ಸಕ್ಕರೆ ಡಬ್ಬಿ ಅಟ್ಟ ಸೇರಿತು. ಮಗ ಕಾಫಿಗೆ ಸಕ್ಕರೆ ಬೇಕೆಂದರೆ "ತಾಯಿಗಿಲ್ಲದ್ದು ನಿನಗೆ ಹೇಗಪ್ಪ ಇಳಿಯತ್ತೆ ಗಂಟಲಲ್ಲಿ?" ಎಂದು ಬಿಡುತ್ತಿದ್ದರು, ಅವನಿಗೆ ಕಾಫಿಯೇ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಪಾರ್ಕಿನಲ್ಲಿ ಎಂಟು ಸುತ್ತು. ಅಲ್ಲಿ ಸಕ್ಕರೆಯವರದೇ ಒಂದು ಗುಂಪು ಸೇರಿತು, ಎರಡು ವರ್ಷದೊಳಗೆ ಅತ್ತೆ ಅದರ ಮುಖಂಡರಾದರು. ಯಾರು ಏನು ತಿಂದರು, ಯಾರು ಸುತ್ತು ತಪ್ಪಿಸಿದರು ಎಂಬುದೆಲ್ಲ ಅವರಿಗೆ ಒಪ್ಪಿಸಬೇಕಿತ್ತು. ಅವರ ಮಂಡಿನೋವು ಹೋಯಿತು, ಹೊಟ್ಟೆ ಕರಗಿತು, ಮಾತು ಮಾತ್ರ ಇನ್ನೂ ಗಟ್ಟಿಯಾಯಿತು.

ಹೀಗೆ ಹನ್ನೊಂದು ವರ್ಷ ಹೋಯಿತು. ನಂತರ ಒಂದು ದಿನ ಸರ್ವಿಸ್ ಎಂಜಿನಿಯರ್ ಬಂದು ಮಷೀನಿಗೆ ಹೊಸ ಸಾಫ್ಟ್‌ವೇರ್ ಹಾಕಿದ. ಹೋಗುವಾಗ, ಚಹಾ ಕುಡಿದು ಲೋಟ ಇಡುವಷ್ಟೇ ಹಗುರವಾಗಿ, "ಸೆಟ್ಟಿಂಗ್ ಎಲ್ಲ ಹೊಸದಾಗಿದೆ ಮೇಡಂ, ನಿಮ್ಮ ಹಳೇದೇನಾದ್ರೂ ಇದ್ರೆ ಮತ್ತೆ ಹಾಕ್ಕೊಳ್ಳಿ" ಎಂದು ಹೇಳಿ ಹೋದ. ಫ್ಯಾಕ್ಟರ್ ಪುಟದಲ್ಲಿ ಎಲ್ಲದರ ಮುಂದೆಯೂ ಒಂದು ಎಂದಿತ್ತು.

ಬೇರೆ ದಿನವಾಗಿದ್ದರೆ ಅವಳು ಕಣ್ಣು ಮುಚ್ಚಿಕೊಂಡು 1.06 ಒತ್ತುತ್ತಿದ್ದಳು. ಆದರೆ ಅದೇ ವಾರ ಸಂಸ್ಥೆಯವರು ಕಾಗದದ ಫಾರಂ ನಿಲ್ಲಿಸಿ, ಎಲ್ಲ ಲ್ಯಾಬುಗಳೂ ತಮ್ಮ ವಿವರವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ತುಂಬಬೇಕೆಂದು ಹೇಳಿದ್ದರು. ಪಾಯಿಂಟಕ್ಕ ತುಂಬುತ್ತ ಬಂದಳು. 'ನಿಮ್ಮ ಗುಂಪು: 14' ಎಂದು ತಾನಾಗಿಯೇ ಬಂತು. ಅದರ ಕೆಳಗೆ, ಕಾಗದದ ಫಾರಮ್ಮಿನಲ್ಲಿ ಎಂದೂ ಇಲ್ಲದಿದ್ದ ಒಂದು ಸಾಲು: ಹದಿನಾಲ್ಕು ಎಂದರೆ ಯಾವ ಮಷೀನು ಎಂಬುದು.

ಅದು ಹಳೆಯ ಮಷೀನಿನ ಹೆಸರು. ಹನ್ನೊಂದು ವರ್ಷದ ಹಿಂದೆ ಗುಜರಿಗೆ ಹೋದದ್ದು.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಹೊಸ ಮಷೀನು ಬಂದ ವರ್ಷ ಫಾರಂ ತುಂಬಿದ್ದು ತಾನೇ ಎಂಬುದು ಸ್ಪಷ್ಟವಾಗಿ ನೆನಪಿತ್ತು. "ಹೋದ ವರ್ಷದ್ದನ್ನೇ ನೋಡಿ ಬರಿ, ಏನೂ ಬದಲಾಗಿಲ್ಲ" ಎಂದಿದ್ದರು ದೊಡ್ಡ ಡಾಕ್ಟರು. ಪಕ್ಕದಲ್ಲಿ ಬದಲಾದ ಮಷೀನು ಗುಂಯ್ ಎನ್ನುತ್ತಿರುವಾಗಲೇ ಅವಳು ಹೋದ ವರ್ಷದ್ದನ್ನು ನೋಡಿ ಬರೆದಿದ್ದಳು.

ಬೀರುವಿನಿಂದ ಹಳೆಯ ವರದಿಗಳನ್ನು ತೆಗೆದಳು. ಮೊದಲ ಪುಟದಲ್ಲಿ ಹಸಿರು ಬಂದ ಮೇಲೆ ಹಿಂದಿನ ಪುಟ ತಿರುಗಿಸುವ ಉಸಾಬರಿ ಯಾರಿಗೂ ಬಂದಿರಲಿಲ್ಲ. ಹಿಂದಿನ ಪುಟಗಳಲ್ಲಿ ಎಲ್ಲ ಗುಂಪುಗಳ ಸರಾಸರಿಯೂ ಇತ್ತು, ಏಕೆ ಗುಂಪು ಎಂಬ ವಿವರಣೆಯೂ ಇತ್ತು. ಒಣಗಿಸಿ ಮತ್ತೆ ನೀರು ಹಾಕಿದ ಆ ದ್ರವ ನೋಡಲು ಸೀರಮ್ಮಿನಂತೆಯೇ ಇದ್ದರೂ ಒಂದೊಂದು ಮಷೀನಿಗೆ ಒಂದೊಂದು ಥರ ಕಾಣುತ್ತದೆ. ತಾಜಾ ರಕ್ತದಲ್ಲಿ ಒಂದೇ ಉತ್ತರ ಕೊಡುವ ಎರಡು ಮಷೀನುಗಳು ಈ ದ್ರವದಲ್ಲಿ ಬೇರೆ ಬೇರೆ ಉತ್ತರ ಕೊಡಬಹುದು. ಆದ್ದರಿಂದ ಒಂದೇ ಬಗೆಯ ಮಷೀನಿನವರನ್ನು ಒಂದೇ ಗುಂಪಿನಲ್ಲಿಟ್ಟು ಹೋಲಿಸಬೇಕು. ಅವರ ಮಷೀನಿನ ಗುಂಪು 23. ಆ ಮೊದಲ ಮೂರು ಕೆಂಪು ತಿಂಗಳ ಅಂಕಿಗಳನ್ನು 23ರ ಸರಾಸರಿಯ ಪಕ್ಕದಲ್ಲಿಟ್ಟು ನೋಡಿದಳು. ಪಾಯಿಂಟ್ ಆದ ಮೇಲಿನದ್ದನ್ನು ಬಿಟ್ಟರೆ ಎರಡೂ ಒಂದೇ.

ಅಂದರೆ ಮಷೀನು ಬಂದ ದಿನದಿಂದ ಸರಿಯಿತ್ತು. ಪರೀಕ್ಷೆಯ ಸೀಸೆಯಲ್ಲಿ ಒಳ್ಳೆಯ ಅಂಕ ಬರಲೆಂದು ಊರಿನವರ ರಕ್ತದಲ್ಲಿ ಆರು ಪರ್ಸೆಂಟ್ ಸಕ್ಕರೆ ಬೆರೆಸಿದ್ದರು.

ಅವಳು ಅಷ್ಟಕ್ಕೇ ನಂಬುವವಳಲ್ಲ. ಮೂರು ದಿನ, ದಿನಕ್ಕೆ ಹತ್ತು ಜನರ ಮಿಕ್ಕ ರಕ್ತವನ್ನು ಎರಡು ಪಾಲು ಮಾಡಿ, ಒಂದನ್ನು ತಮ್ಮ ಮಷೀನಿನಲ್ಲಿ ಫ್ಯಾಕ್ಟರ್ ಇಲ್ಲದೆ ನೋಡಿದಳು; ಇನ್ನೊಂದನ್ನು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ತನ್ನ ಸಹಪಾಠಿಗೆ ಕೊಟ್ಟಳು. ಮೂವತ್ತರಲ್ಲಿ ಮೂವತ್ತೂ ಹೊಂದಿದವು. ಜೀವನದಲ್ಲಿ ಮೊದಲ ಬಾರಿಗೆ, ಒಂದಾದರೂ ಹೊಂದದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಹಾಳೆಗಳನ್ನು ಹಿಡಿದು ದೊಡ್ಡ ಡಾಕ್ಟರ ಮುಂದೆ ನಿಂತಳು. ಅವರು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು.

"ಅಂದ್ರೆ ಮಷೀನು ಸರಿಯಿತ್ತು."

"ಹೌದು ಸರ್."

"ನಾವು ಕೆಡಿಸಿದ್ವಿ."

"ಹೌದು ಸರ್."

"ಕೆಡಿಸಿದ್ದಕ್ಕೆ ಹನ್ನೊಂದು ವರ್ಷ ಸರ್ಟಿಫಿಕೇಟ್ ಕೊಟ್ರು."

"ಹತ್ತು ವರ್ಷ ಸರ್. ಮೊದಲನೇ ವರ್ಷ ಕೊಡ್ಲಿಲ್ಲ. ಆ ವರ್ಷ ಮೂರು ತಿಂಗಳು ಸರಿಯಾಗಿದ್ವಲ್ಲ."

ಡಾಕ್ಟರು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ. ಸಂಜೆ ತಡವಾಗಿ ಬಂದ ಪೇಷೆಂಟನ್ನೂ ಹಿಂದಕ್ಕೆ ಕಳಿಸಿದವರಲ್ಲ. ಆದರೆ ಹತ್ತು ಚೌಕಟ್ಟುಗಳಿಗೆ ಬೆನ್ನು ಕೊಟ್ಟು ಕೂತವರಿಗೆ ತಕ್ಷಣ ಏಳಲು ಕಷ್ಟ.

"ಒಂದು ಕೆಲ್ಸ ಮಾಡೋಣ," ಎಂದರು ಕೊನೆಗೆ. "ಈಗ ಒಂದು ಪಾಯಿಂಟ್ ಸೊನ್ನೆ ಆರು ಹಾಕಿಬಿಡು. ಎರಡು ತಿಂಗಳಿಗೆ ಒಂದೊಂದು ಇಳಿಸ್ತಾ ಹೋಗು. ಆರು, ಐದು, ನಾಲ್ಕು... ವರ್ಷದೊಳಗೆ ಸೊನ್ನೆ. ಯಾರಿಗೂ ಗಾಬರಿ ಆಗಲ್ಲ."

"ಊರಿನೋರ ಸಕ್ಕರೆಯೆಲ್ಲ ಒಟ್ಟಿಗೇ ಇಳಿಯುತ್ತೆ ಸರ್."

"ಇಳಿದ್ರೆ ಸಂತೋಷಾನೇ ಅಲ್ವಾ?"

ಅವಳು ಹೊರಬಂದಳು. ನಿಜ ಹೇಳಬೇಕೆಂದರೆ ಆ ಮಾತು ಅವಳಿಗೂ ಹಿಡಿಸಿತು. ಎರಡು ದಿನ ಅದನ್ನೇ ಮೆಲುಕು ಹಾಕಿದಳು. ಗುಟ್ಟಾಗಿ ಬಂದ ತಪ್ಪು ಗುಟ್ಟಾಗಿಯೇ ಹೋಗಿಬಿಟ್ಟರೆ ಯಾರಿಗೇನು ನಷ್ಟ? ಫಾರಮ್ಮಿನಲ್ಲಿರುವುದು ಅವಳದೇ ಅಕ್ಷರ. ಬೆಳಿಗ್ಗೆ ಮಷೀನು ಹಚ್ಚಿ, ಫ್ಯಾಕ್ಟರ್ ಪುಟ ತೆರೆದು, ಕೀಲಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದಳು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಯಾರೋ ಕೆಮ್ಮುತ್ತಿದ್ದರು, ಖಾಲಿ ಹೊಟ್ಟೆಯಲ್ಲಿ ಬಂದವರು ಎಷ್ಟು ಹೊತ್ತು ಎಂದು ಕೇಳುತ್ತಿದ್ದರು. ಆ ಪುಟ ಮುಚ್ಚಿ ಕೆಲಸಕ್ಕೆ ಏಳುತ್ತಿದ್ದಳು. ಹೀಗೆ ಎರಡು ದಿನ ಹಾಕದೆ ಕಳೆದ ಮೇಲೆ, ಮೂರನೆಯ ದಿನ ಹಾಕುವುದಕ್ಕೆ ಕೈ ಬರಲಿಲ್ಲ. ಅಷ್ಟೇ ಅವಳ ಧೈರ್ಯ. ಅದಕ್ಕಿಂತ ದೊಡ್ಡದೇನನ್ನೂ ಅವಳು ಮುಂದೆಯೂ ಹೇಳಿಕೊಳ್ಳಲಿಲ್ಲ.

ಮೂರನೆಯ ದಿನ ದೋಷ ವರದಿಯ ಹಾಳೆ ತೆಗೆದು ತುಂಬಿದಳು. ಏನಾಯಿತು, ಎಂದಿನಿಂದ, ಕಾರಣವೇನು ಎಂಬ ಕಾಲಮ್ಮುಗಳು ಬೇಗ ತುಂಬಿದವು. 'ಯಾರಿಂದ' ಎಂಬಲ್ಲಿ 'ನಾನು' ಎಂದು ಬರೆದು ಡಾಕ್ಟರ ಸಹಿಗೆ ಇಟ್ಟಳು.

ಡಾಕ್ಟರು ಪೆನ್ನು ಎತ್ತಿದವರು ನಿಂತರು. "ಇದೇನು ನಾನು? ಕೆಳಗೆ ಸಹಿ ನಂದು ಬರುತ್ತೆ. ಓದೋರು 'ನಾನು' ಅಂದ್ರೆ ಯಾರು ಅಂದ್ಕೋತಾರೆ?"

"ಅದು ಓದೋರಿಗೆ ಬಿಟ್ಟಿದ್ದು ಸರ್."

ಅವರು 'ನಾನು' ಹೊಡೆದು ಹಾಕಿ, ಮೇಲೆ 'ನಾವು' ಎಂದು ಬರೆದು ಸಹಿ ಹಾಕಿದರು.

ಹಳೆಯ ದಾಖಲೆ ಜಾಲಾಡಿದಾಗ, ಈ ಆರು ಪರ್ಸೆಂಟಿನಿಂದಲೇ ಗೆರೆ ದಾಟಿದವರು ಇನ್ನೂರ ಹದಿನಾಲ್ಕು ಜನ ಸಿಕ್ಕರು. ಊರಿನ ಇಪ್ಪತ್ತಮೂರು ವೈದ್ಯರಿಗೆ ಪತ್ರ ಹೋಯಿತು. ಮೂಲೆ ಡಾಕ್ಟರಿಗೆ ಮಾತ್ರ ಪಾಯಿಂಟಕ್ಕ ತಾನೇ ಕೊಂಡೊಯ್ದಳು. ಅವರು ಪತ್ರ ಓದಿ ಹುಬ್ಬು ಕೂಡ ಏರಿಸಲಿಲ್ಲ.

"ಇದಕ್ಕೆ ಪತ್ರ ಯಾಕಮ್ಮ ಬರೆಯೋಕೆ ಹೋದ್ರಿ? ನಿಮ್ಮ ಲ್ಯಾಬಿನ ಸಕ್ಕರೆ ಯಾವಾಗಲೂ ಒಂದು ಕೈ ಜಾಸ್ತಿ ಅಂತ ನನಗೆ ಗೊತ್ತಿತ್ತಲ್ಲ."

"ಗೊತ್ತಿತ್ತಾ?"

"ಏಳೆಂಟು ವರ್ಷದಿಂದ. ನಿಮ್ಮ ರಿಪೋರ್ಟ್ ಬಂದ್ರೆ ಮನಸ್ಸಲ್ಲೇ ಏಳು ಕಳೀತೀನಿ."

ಪಾಯಿಂಟಕ್ಕ ಎದುರಿನ ಕುರ್ಚಿಯಲ್ಲಿ ಕೂತಳು. "ನಮಗೆ ಒಂದು ಮಾತು ಹೇಳಬಾರದಿತ್ತಾ ಸರ್?"

"ಗೋಡೆ ತುಂಬ ಸರ್ಟಿಫಿಕೇಟ್ ಹಾಕ್ಕೊಂಡಿರೋರಿಗೆ ನಾನು ಹೇಳೋಕೆ ಆಗುತ್ತಾ?"

"ನಮ್ಮತ್ತೇದು? ಅವ್ರ ರಿಪೋರ್ಟಲ್ಲೂ ಕಳೆದ್ರಾ?"

ಡಾಕ್ಟರು ಸ್ವಲ್ಪ ಸಂಕೋಚದಿಂದ ಸ್ಟೆತಸ್ಕೋಪನ್ನು ಸರಿ ಮಾಡಿಕೊಂಡರು. "ಇಲ್ಲಮ್ಮ. ಮೊದಮೊದಲು ನನಗೂ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಅವ್ರದ್ದು ಕಳೀಲಿಲ್ಲ. ಅದು ನೀವೇ ಕೈಯಾರೆ ಮಾಡಿದ ಟೆಸ್ಟು, ನಿಮ್ಮನೆಯವರದ್ದು ಬೇರೆ. ಅದೊಂದಾದ್ರೂ ಸರಿಯಿರುತ್ತೆ ಅಂತ."

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಸರ್, ಇನ್ನು ಮೇಲೆ ಕಳೀಬೇಡಿ." "ಇಲ್ಲ ಇಲ್ಲ" ಎಂದರು. ಆದರೂ ಮುಂದಿನ ಎರಡು ತಿಂಗಳು ಅಭ್ಯಾಸಬಲದಿಂದ ಏಳು ಕಳೆದರು. ಪಾಯಿಂಟಕ್ಕ ಪ್ರತಿ ರಿಪೋರ್ಟಿನ ತುದಿಯಲ್ಲಿ 'ಕಳೆಯಬೇಡಿ' ಎಂದು ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ ಮೇಲೆಯೇ ಅದು ನಿಂತದ್ದು.

ಮನೆಯಲ್ಲಿ ಹೇಳುವುದು ಇನ್ನೂ ಬಾಕಿಯಿತ್ತು. ಅತ್ತೆ ಪಾರ್ಕಿನಿಂದ ಬಂದು, ಶೂ ಬಿಚ್ಚಿ, ಕಾಲು ನೀವಿಕೊಳ್ಳುತ್ತಿದ್ದರು. ಗಂಡ ಪೇಪರಿನ ಹಿಂದೆ ಅಡಗಿ ಕೂತ. ಅವನಿಗೆ ಹಿಂದಿನ ದಿನವೇ ವಿಷಯ ಗೊತ್ತಾಗಿತ್ತು.

"ಅತ್ತೆ, ನಿಮಗೆ ಶುಗರ್ ಇರ್ಲಿಲ್ಲ."

"ಯಾವಾಗ?"

"ಆವಾಗ. ಹನ್ನೊಂದು ವರ್ಷದ ಹಿಂದೆ. ನೂರ ಇಪ್ಪತ್ತೊಂಬತ್ತಲ್ಲ, ನೂರ ಇಪ್ಪತ್ತೆರಡು ಇದ್ದಿದ್ದು. ಗೆರೆ ದಾಟಿರ್ಲಿಲ್ಲ. ತಪ್ಪು ನಮ್ಮ ಲ್ಯಾಬಿಂದು. ನಂದು."

ಅತ್ತೆ ಕಾಲು ನೀವುವುದನ್ನು ನಿಲ್ಲಿಸಿದರು. ಸಂತೋಷಪಡುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದಳು ಸೊಸೆ. ಅವರು ಕೆರಳಿದರು.

"ಇಲ್ವಂತೆ! ಹನ್ನೊಂದು ವರ್ಷ ಅನುಭವಿಸಿದೋಳು ನಾನು, ಇಲ್ಲ ಅನ್ನೋಕೆ ನೀನ್ಯಾರು? ಕಾಲು ಜೋಮು ಹಿಡೀತಿದ್ದಿದ್ದು ಸುಳ್ಳಾ? ನಾಲಿಗೆ ಒಣಗ್ತಿದ್ದಿದ್ದು ಸುಳ್ಳಾ?"

"ಅದಕ್ಕೆ ಬೇರೆ ಕಾರಣ ಇರ್ಬಹುದು ಅತ್ತೆ."

"ಪಾರ್ಕಲ್ಲಿ ಏನಂತ ಹೇಳ್ಲಿ? ನಂಗೆ ಕಾಯಿಲೇನೇ ಇಲ್ಲ, ಸುಮ್ನೆ ನಿಮ್ಮನ್ನೆಲ್ಲ ಆಳಿದೆ ಅಂತಲಾ?"

ಪೇಪರಿನ ಹಿಂದಿನಿಂದ ಒಂದು ಸದ್ದು ಬಂತು, ಕೆಮ್ಮು ಇರಬಹುದು. "ನೀನು ನಗಬೇಡ!" ಎಂದರು ಅತ್ತೆ.

ಮಾರನೆಯ ದಿನ ತಾವೇ ಲ್ಯಾಬಿಗೆ ಬಂದು, ಹರಿದ ರೆಕ್ಸಿನ್ನಿನ ಮೇಲೆ ಕೈ ಚಾಚಿ ಕೂತರು. ಫ್ಯಾಕ್ಟರ್ ಇಲ್ಲದ ಮಷೀನು ನೂರ ನಾಲ್ಕು ಎಂದಿತು. ಎಪ್ಪತ್ತೆಂಟು ವಯಸ್ಸಿಗೆ ನೂರ ನಾಲ್ಕು. ಅತ್ತೆ ಚೀಟಿಯನ್ನು ದೂರ ಹಿಡಿದು ಓದಿ, ತಲೆಯಾಡಿಸಿದರು. "ನೋಡಿದ್ಯಾ? ಇದು ನಡೆದಿದ್ದಕ್ಕೆ ಬಂದಿದ್ದು. ನಿನ್ನ ಮಷೀನು ಕೊಟ್ಟಿದ್ದಲ್ಲ, ನನ್ನ ಕಾಲು ಕೊಟ್ಟಿದ್ದು."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸುಳ್ಳು ಕಾಯಿಲೆಗೆ ಅಂಜಿ ಅವರು ನಿಜವಾದ ಕಾಯಿಲೆಯನ್ನು ತಪ್ಪಿಸಿಕೊಂಡಿರಬಹುದು; ಇಲ್ಲದೆಯೂ ಇರಬಹುದು. ಇದನ್ನು ಅಳೆಯುವ ಮಷೀನು ಪಾಯಿಂಟಕ್ಕನ ಬಳಿ ಇರಲಿಲ್ಲ. ಪಾರ್ಕಿನಲ್ಲಿ ಮಾತ್ರ, ಮುಖಂಡರು ಮಾತ್ರೆಯಿಲ್ಲದೆ ಕಾಯಿಲೆ ಗೆದ್ದರು ಎಂಬ ಸುದ್ದಿ ಹಬ್ಬಿ ಗುಂಪಿಗೆ ಏಳು ಜನ ಹೊಸಬರು ಸೇರಿದರು.

ಎಲ್ಲ ಮನೆಯಲ್ಲೂ ಹೀಗಾಗಲಿಲ್ಲ. ಇನ್ನೂರ ಹದಿನಾಲ್ಕರಲ್ಲಿ ಒಬ್ಬ ಕ್ರೇನ್ ಆಪರೇಟರ್. ಆರು ವರ್ಷದ ಹಿಂದೆ ಕೆಲಸದವರ ವಾರ್ಷಿಕ ತಪಾಸಣೆಯಲ್ಲಿ ಅವನಿಗೆ ನೂರ ಇಪ್ಪತ್ತೆಂಟು ಬಂದಿತ್ತು. ಸಕ್ಕರೆಯವರನ್ನು ಎತ್ತರದಲ್ಲಿ ಕೂರಿಸಬಾರದೆಂಬುದು ಅವರ ಕಾರ್ಖಾನೆಯ ನಿಯಮ. ಕ್ರೇನಿನಿಂದ ಇಳಿಸಿ ಗೇಟಿನಲ್ಲಿ ಕೂರಿಸಿದ್ದರು. ನಿಜವಾಗಿ ಅವನಿಗಿದ್ದದ್ದು ನೂರ ಇಪ್ಪತ್ತು ಚಿಲ್ಲರೆ.

ತಿದ್ದಿದ ರಿಪೋರ್ಟನ್ನು ಕವರಿನಲ್ಲಿಟ್ಟು ಪಾಯಿಂಟಕ್ಕ ಆ ಗೇಟಿಗೆ ಹೋದಳು. ಐವತ್ತನಾಲ್ಕು ವಯಸ್ಸಿನ, ಅಗಲ ಭುಜದ ಮನುಷ್ಯ. ಅವನಿಗೆ ಆ ಗೇಟಿನ ಗೂಡು ಚಿಕ್ಕದಾಗಿತ್ತು. ಅವಳು ನಿಂತೇ ಎಲ್ಲ ಹೇಳಿದಳು. ಅವನು ಮಧ್ಯೆ ಎರಡು ಲಾರಿಗೆ ಗೇಟು ತೆಗೆದು ಹಾಕಿ ಬಂದು ಪೂರ್ತಿ ಕೇಳಿದ.

"ಮೇಲಿಂದ ನದಿ ತಿರುಗೋದು ಕಾಣ್ತಿತ್ತು," ಎಂದ. ಅದು ಕ್ರೇನಿನ ಮಾತು ಎಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಈಗ ಇದನ್ನ ತೋರಿಸಿದ್ರೆ ವಾಪಸ್ ಹತ್ತಿಸ್ತಾರಾ?"

"ನಾನು ಬಂದು ಮಾತಾಡ್ತೀನಿ."

"ಬೇಡಿ. ಆ ಕ್ರೇನೇ ಇಲ್ಲ. ಹೊಸದನ್ನ ಕೆಳಗೆ ಕೂತು ಗುಂಡಿ ಒತ್ತಿ ನಡೆಸ್ತಾರೆ." ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ನನ್ನ ಹೆಂಡ್ತಿಗೆ ತೋರಿಸ್ತೀನಿ. ತಿಂದು ತಿಂದೇ ಕೆಲ್ಸ ಕಳ್ಕೊಂಡೆ ಅಂತ ಆರು ವರ್ಷದಿಂದ ಬೈತಿದಾಳೆ."

ಅವಳು ಕ್ಷಮೆ ಕೇಳಿದಳು. ಅವನು "ಆಯ್ತು" ಎಂದ. ಕ್ಷಮಿಸಿದೆ ಎಂದಲ್ಲ, ಕೇಳಿಸಿತು ಎಂಬರ್ಥದ ಆಯ್ತು. ಹಿಂದಕ್ಕೆ ಬರುವಾಗ ಅವಳು ಎರಡು ಬಸ್ಸು ಬಿಟ್ಟು, ನಿಲ್ದಾಣದ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು.

ಆ ತಿಂಗಳ ಕೊನೆಗೆ ಸಂಸ್ಥೆಯ ವರದಿ ಬಂತು. ಗುಂಪು ಬದಲಾವಣೆ ಮುಂದಿನ ಸುತ್ತಿನಿಂದ ಜಾರಿ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದು, ಈ ಸುತ್ತಿನ ಗ್ಲೂಕೋಸಿಗೆ ಹಳೆಯ ಗುಂಪಿನ ಲೆಕ್ಕದಲ್ಲೇ ಕೆಂಪು ಬಣ್ಣ ಹಚ್ಚಿದ್ದರು. ಹತ್ತು ವರ್ಷ ತಪ್ಪು ಹೇಳಿ ಹಸಿರಾಗಿದ್ದ ಲ್ಯಾಬು, ಸರಿ ಹೇಳಿದ ಮೊದಲ ತಿಂಗಳೇ ಕೆಂಪಾಯಿತು. ವರ್ಷದ ಸರ್ಟಿಫಿಕೇಟು ತಪ್ಪಿತು. ದೊಡ್ಡ ಡಾಕ್ಟರು ಆ ವರದಿಯನ್ನು ಓದಿ, "ಮೇಲ್ಮನವಿ ಹಾಕೋಣ್ವಾ?" ಎಂದು ಕೇಳಿ, ಅವಳ ಮುಖ ನೋಡಿ, "ಬೇಡ ಬಿಡು" ಎಂದು ತಾವೇ ಹೇಳಿದರು. ಸ್ವಲ್ಪ ದಿನದ ಮೇಲೆ ತಪಾಸಣೆಗೆ ಬಂದ ಅಧಿಕಾರಿ ಎಲ್ಲ ಕಡತ ನೋಡಿ, ಒಂದೇ ಒಂದು ಕೊರತೆ ಬರೆದು ಹೋದ: ದೋಷ ವರದಿಯಲ್ಲಿ ಒಂದು ಪದವನ್ನು ಹೊಡೆದು ಹಾಕಿ ಬೇರೆ ಬರೆದಿದ್ದಾರೆ, ತಿದ್ದಿದ ಜಾಗದಲ್ಲಿ ದಿನಾಂಕವಿಲ್ಲ.

ವರ್ಷ ಕಳೆದ ಮೇಲೆ ಸುತ್ತಲಿನ ಲ್ಯಾಬಿನವರ ಒಂದು ಸಭೆಯಲ್ಲಿ ದೊಡ್ಡ ಡಾಕ್ಟರನ್ನು ಮಾತಾಡಲು ಕರೆದರು. ವಿಷಯ, 'ಗುಣಮಟ್ಟದಲ್ಲಿ ಪ್ರಾಮಾಣಿಕತೆ'. ಅವರು ಮುಕ್ಕಾಲು ಗಂಟೆ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಫ್ಯಾಕ್ಟರ್ ಹಾಕುವ ಮೊದಲು ಕಾರಣ ಹುಡುಕಬೇಕು, ಬಣ್ಣಕ್ಕೆ ಮರುಳಾಗಬಾರದು, ಪರೀಕ್ಷೆಯ ಸೀಸೆಗಿಂತ ಪೇಷೆಂಟಿನ ರಕ್ತ ಮುಖ್ಯ. ಕೇಳುತ್ತ ಹೋದರೆ, ಇದೆಲ್ಲ ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು, ಮಷೀನೇ ತಿಳಿದುಕೊಳ್ಳಲು ಹನ್ನೊಂದು ವರ್ಷ ಹಿಡಿಯಿತು ಎನ್ನಿಸುವಂತಿತ್ತು. ಪಾಯಿಂಟಕ್ಕ ಕೊನೆಯ ಸಾಲಿನಲ್ಲಿ ಕೂತು ಕೇಳಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಈ ಮಾತುಗಳು ಯಾರ ಬಾಯಿಂದ ಬಂದರೂ ಸರಿಯೇ ಇದ್ದವು.

ಪ್ರಶ್ನೆಗಳ ಹೊತ್ತಿಗೆ ಯಾರೋ ಕೇಳಿದರು: "ಇದು ಬೆಳಕಿಗೆ ಬಂದಿದ್ದು ಹೇಗೆ ಸರ್?"

ಡಾಕ್ಟರು ಕೊನೆಯ ಸಾಲಿನ ಕಡೆ ಕೈ ತೋರಿಸಿದರು. "ಅವ್ರನ್ನೇ ಕೇಳಿ."

ನೂರು ತಲೆಗಳು ಹಿಂದಕ್ಕೆ ತಿರುಗಿದವು. ಅವಳು ಎದ್ದು ನಿಂತಳು. "ನಾನು ತಪ್ಪು ತುಂಬಿದ ಫಾರಂ ನಾನೇ ಮತ್ತೆ ತುಂಬಬೇಕಾಗಿ ಬಂತು, ಹಾಗೆ ಗೊತ್ತಾಯ್ತು" ಎಂದು ಹೇಳಿ ಕೂತಳು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ವಿನಯದ ಮಾತು ಎಂದುಕೊಂಡರು.

ಚಹಾದ ಹೊತ್ತಿಗೆ ಒಬ್ಬ ಹೆಂಗಸು ಜನರ ನಡುವೆ ದಾರಿ ಮಾಡಿಕೊಂಡು ಅವಳ ಬಳಿ ಬಂದಳು. ಸುಮಾರು ಮೂವತ್ತೈದರ ವಯಸ್ಸು, ಕತ್ತಿನಲ್ಲಿ ಇನ್ನೊಂದು ಲ್ಯಾಬಿನ ಗುರುತಿನ ಚೀಟಿ. ಅದನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.

"ಅಕ್ಕ, ಒಂದು ಮಾತು ಕೇಳ್ಬೇಕಿತ್ತು. ಯಾರಿಗೂ ಹೇಳಬೇಡಿ. ನಮ್ಮ ಮಷೀನಲ್ಲಿ ಏಳು ಟೆಸ್ಟಿಗೆ ಫ್ಯಾಕ್ಟರ್ ಹಾಕಿದೆ. ಯಾರು ಹಾಕಿದ್ದು, ಯಾವಾಗ ಹಾಕಿದ್ದು ಯಾರಿಗೂ ಗೊತ್ತಿಲ್ಲ. ತೆಗೆದ್ರೆ ಏನಾಗುತ್ತೋ ಅಂತ ಯಾರೂ ಮುಟ್ಟಲ್ಲ."

ಪಾಯಿಂಟಕ್ಕ ತನ್ನ ಚಹಾ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎರಡು ಕುರ್ಚಿಗಳನ್ನು ಮೂಲೆಗೆ ಎಳೆದು, ಒಂದರಲ್ಲಿ ಅವಳನ್ನು ಕೂರಿಸಿ, ಇನ್ನೊಂದರಲ್ಲಿ ತಾನು ಕೂತಳು. ಚೀಲದಿಂದ ಪೆನ್ಸಿಲ್ಲೂ ಸಭೆಯವರು ಕೊಟ್ಟಿದ್ದ ಪುಸ್ತಕವೂ ಹೊರಬಂದವು.

"ಮಷೀನು ಯಾವುದು ಹೇಳಮ್ಮ ಮೊದಲು," ಎಂದಳು. "ಆಮೇಲೆ ಆ ಏಳನ್ನೂ ಒಂದೊಂದಾಗಿ."